ಗೀಟು ಹೋಗಿ ‘ಆರ್’ ಬಂದ ಕಥೆ

ಟೈರಿನ ಬಗ್ಗೆ ಚರಿತ್ರೆಯ ಲೇಖನವೇ ಎಂದು ಓದುಗರು ಹುಬ್ಬೇರಿಸಬಹುದು. ಅರಸರು, ಶಾಸನಗಳು, ದೇವಾಲಯಗಳು ಇವುಗಳಿಗೆ ಮೀಸಲಾದ ಪುಟಗಳಲ್ಲಿ ರಬ್ಬರಿನ ಗಾಲಿಗೇನು ಕೆಲಸ ಎಂಬ ಪ್ರಶ್ನೆ ಸಹಜವಾದದ್ದೇ. ಆದರೆ ದೆಹಲಿಯಲ್ಲಿ ನೆಲಸಿರುವ ನಾವೆಲ್ಲ ಯಾವುದೋ ಒಂದು ದಾರಿ ಹಿಡಿದು ಇಲ್ಲಿಗೆ ಬಂದವರು. ನಮ್ಮ ಮಂಚ, ಬೀರು, ಒರಳುಕಲ್ಲು, ಪುಸ್ತಕದ ಪೆಟ್ಟಿಗೆಗಳು ಯಾವುದೋ ಗಾಡಿಯೇರಿ ಇಲ್ಲಿಗೆ ಬಂದವು. ನಿವೃತ್ತಿಯ ನಂತರ ಊರಿಗೆ ಮರಳುವವರ ಸಾಮಾನುಗಳೂ ಹಾಗೆಯೇ ಹಿಂದಿರುಗುತ್ತವೆ. ದಾರಿಯ ಚರಿತ್ರೆ ನಮ್ಮ ಚರಿತ್ರೆಯೂ ಹೌದೆಂದಾದರೆ, ಆ ದಾರಿಗೆ ಮೈಯೊಡ್ಡಿದ ಟೈರಿನ ಚರಿತ್ರೆಯನ್ನು ಬಿಡುವುದು ಹೇಗೆ?

ನಮ್ಮ ಜನಕಪುರಿಯಲ್ಲಿ ಈಗ ಪಿಕಪ್ ಗಾಡಿಗಳಿಗೆ ಕೊರತೆಯಿಲ್ಲ. ತರಕಾರಿ, ಶಾಮಿಯಾನದ ಕಂಬ, ಮನೆ ಬದಲಿಸುವವರ ಸಾಮಾನು, ಅಂಗಡಿಯ ಸರಕು ಎಲ್ಲಕ್ಕೂ ಅದೇ ವಾಹನ. ಸಾಲ ಮಾಡಿ ಕೊಂಡು, ಅದರಿಂದಲೇ ಸಂಸಾರ ಸಾಗಿಸುವವರು ಅನೇಕರು. ಟೈರು ಬದಲಿಸುವ ಕಾಲ ಬಂದಾಗ ಇಂಥ ಗಾಡಿಯ ಯಜಮಾನನನ್ನು ಕಾಡುವ ಪ್ರಶ್ನೆ ಒಂದೇ: ವರ್ಷದ ಬಹುಪಾಲು ದಿನ ಗಾಡಿ ಓಡುವುದು ನುಣುಪಾದ ಹೆದ್ದಾರಿಯಲ್ಲಿ, ಆದರೆ ಆಗಾಗ ಹರಿಯಾಣದ ಹೊಲದಂಚಿನ ಕೆಸರಿಗೋ, ರಾಜಸ್ಥಾನದ ಮರಳಿಗೋ, ಕಟ್ಟಡದ ಜಲ್ಲಿಕಲ್ಲಿನ ರಾಶಿಗೋ ಇಳಿಯಲೇಬೇಕು. ಎರಡಕ್ಕೂ ಒಗ್ಗುವ ಟೈರು ಯಾವುದು? ಅಂಗಡಿಯವನು ತನ್ನಲ್ಲಿರುವುದನ್ನು ತೋರಿಸುತ್ತಾನೆ. ಗೆಳೆಯರು ತಾವು ಹಾಕಿಸಿಕೊಂಡಿದ್ದನ್ನು ಹೊಗಳುತ್ತಾರೆ. ಇವರಿಬ್ಬರಿಗಿಂತ ಚರಿತ್ರೆ ಹೆಚ್ಚು ನಂಬಿಕೆಯ ಸಲಹೆಗಾರನೆಂದು ನಾವು ಭಾವಿಸುತ್ತೇವೆ.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಗಳಲ್ಲೇ ಈ ಚರಿತ್ರೆ ಅಡಗಿದೆ. ಹಳೆಯ ಜೀಪುಗಳ ಟೈರಿನ ಮೇಲೆ 6.00-16 ಎಂದು ಬರೆದಿರುತ್ತಿತ್ತು. ಆರು ಇಂಚು ಅಗಲ, ಹದಿನಾರು ಇಂಚಿನ ರಿಮ್ಮು, ನಡುವೆ ಒಂದು ಗೀಟು. ಇಂದಿನ ಪಿಕಪ್ಪಿನ ಟೈರಿನ ಮೇಲೆ 7.00 ಆರ್ 15 ಎಂದೋ, 215/75 ಆರ್ 15 ಎಂದೋ ಇರುತ್ತದೆ. ಗೀಟು ಹೋಗಿ ‘ಆರ್’ ಎಂಬ ಅಕ್ಷರ ಬಂದಿದೆ. ಈ ಚಿಕ್ಕ ಬದಲಾವಣೆಗೆ ಭಾರತದ ಭಾರದ ವಾಹನಗಳು ಸುಮಾರು ಅರ್ಧ ಶತಮಾನ ಕಾಯಬೇಕಾಯಿತು. ಏಕೆ ಕಾಯಬೇಕಾಯಿತು ಎಂಬುದನ್ನು ತಿಳಿದರೆ, ಯಾವ ಟೈರು ಕೊಳ್ಳಬೇಕೆಂಬುದೂ ತಿಳಿಯುತ್ತದೆ.

ಗಾಳಿಯ ಮೇಲೆ ಭಾರ

ಎತ್ತಿನ ಗಾಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿಯುವುದು ನಮ್ಮ ಹಳ್ಳಿಗಳಲ್ಲಿ ತಲೆತಲಾಂತರದಿಂದ ನಡೆದು ಬಂದ ಕೆಲಸ. ಆ ಪಟ್ಟಿ ಗಾಲಿಯನ್ನು ಕಾಯುತ್ತಿತ್ತೇ ಹೊರತು ಕುಳಿತವರ ಸೊಂಟವನ್ನು ಕಾಯುತ್ತಿರಲಿಲ್ಲ. ಭಾರವನ್ನು ಗಾಳಿಯ ಮೇಲೆ ಹೊರಿಸಬಹುದೆಂಬ ಯೋಚನೆ ಮೊದಲು ಹೊಳೆದದ್ದು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಅವರಿಗೆ. 1845ರಲ್ಲಿ ಅವರು ಅದಕ್ಕೆ ಪೇಟೆಂಟು ಪಡೆದರು. ಅದಕ್ಕೆ ಆರು ವರ್ಷ ಮುಂಚೆ, 1839ರಲ್ಲಿ, ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅವರು ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುವ ವಿಧಾನವನ್ನು ಕಂಡುಕೊಂಡಿದ್ದರು. ಆದರೆ ಥಾಮ್ಸನ್ ಅವರ ಕಾಲದಲ್ಲಿ ಮೋಟಾರೂ ಇರಲಿಲ್ಲ, ಸೈಕಲ್ಲೂ ಬಳಕೆಗೆ ಬಂದಿರಲಿಲ್ಲ. ಬೇಡಿಕೆಯಿಲ್ಲದ ಆ ಆವಿಷ್ಕಾರ ಮರೆತೇ ಹೋಯಿತು.

1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅವರು ಮಗನ ತ್ರಿಚಕ್ರ ಸೈಕಲ್ಲು ಕಲ್ಲುಹಾಸಿನ ಬೀದಿಯಲ್ಲಿ ಕುಲುಕಾಡುವುದನ್ನು ಕಂಡು ಅದೇ ಉಪಾಯವನ್ನು ಮತ್ತೆ ಕಂಡುಹಿಡಿದರು. 1895ರಲ್ಲಿ ಫ್ರಾನ್ಸಿನ ಮಿಶೆಲಿನ್ ಸಹೋದರರು ಪ್ಯಾರಿಸ್–ಬೋರ್ಡೊ–ಪ್ಯಾರಿಸ್ ಪಂದ್ಯದಲ್ಲಿ ಗಾಳಿಯ ಟೈರು ಹಾಕಿದ ಕಾರನ್ನು ಓಡಿಸಿದರು. ದಾರಿಯುದ್ದಕ್ಕೂ ಪಂಕ್ಚರ್ ತಿದ್ದಿಕೊಳ್ಳುತ್ತಲೇ ಓಟ ಮುಗಿಸಿದರು. ಅಂದಿನಿಂದಲೂ ಟೈರಿನ ಮುಂದಿರುವ ಸಮಸ್ಯೆ ಎರಡು ಮುಖದ್ದು: ಮೆತ್ತಗಿದ್ದರೆ ಸುಖ, ಗಟ್ಟಿಯಿದ್ದರೆ ಬಾಳಿಕೆ. ಎರಡನ್ನೂ ಒಂದೇ ಮೈಯಲ್ಲಿ ಹೇಗೆ ಕೂಡಿಸುವುದು?

ನಾವು ದಿನನಿತ್ಯ ಆಡುವ ‘ಸ್ಟೆಪ್ನಿ’ ಎಂಬ ಮಾತೂ ಆ ಪಂಕ್ಚರಿನ ಕಾಲದ ಕೊಡುಗೆಯೇ. 1904ರ ಸುಮಾರಿಗೆ ವೇಲ್ಸ್ ದೇಶದ ಲ್ಯಾನೆಲಿ ಊರಿನ ಸ್ಟೆಪ್ನಿ ಬೀದಿಯ ಅಂಗಡಿಯೊಂದರಿಂದ ಹೊರಟ ಬಿಡಿ ಚಕ್ರ, ಬೀದಿಯ ಹೆಸರನ್ನೇ ಹೊತ್ತು ಜಗತ್ತನ್ನು ಸುತ್ತಿತು. ಹುಟ್ಟಿದ ನಾಡಿನಲ್ಲಿ ಆ ಮಾತು ಬಹುಮಟ್ಟಿಗೆ ಮರೆಯಾಗಿದೆ. ನಮ್ಮ ದೇಶದ ಡ್ರೈವರುಗಳ ಬಾಯಲ್ಲಿ ಇನ್ನೂ ಜೀವಂತವಾಗಿದೆ.

ಗೀಟಿನ ಕಾಲ

ಭಾರತದ ಮೊದಲ ಟೈರು ಕಾರ್ಖಾನೆ 1936ರಲ್ಲಿ ಬಂಗಾಳದ ಹೂಗ್ಲಿ ದಂಡೆಯ ಸಾಹಾಗಂಜ್‌ನಲ್ಲಿ ಆರಂಭವಾಯಿತು. ಅದು ಡನ್‌ಲಪ್ ಕಂಪನಿಯದು. ಅದಾಗಿ ಆರು ವರ್ಷಕ್ಕೆ ಮಹಾಯುದ್ಧ ನಮ್ಮ ಬಾಗಿಲಿಗೇ ಬಂತು. 1942ರ ಫೆಬ್ರವರಿಯಲ್ಲಿ ಸಿಂಗಾಪುರ ಜಪಾನೀಯರ ವಶವಾದಾಗ ಮಲಯದ ರಬ್ಬರು ಮಿತ್ರರಾಷ್ಟ್ರಗಳ ಕೈತಪ್ಪಿತು. ಅಮೆರಿಕ ಕೃತಕ ರಬ್ಬರಿನ ತಯಾರಿಕೆಯನ್ನು ಭರದಿಂದ ಕೈಗೊಂಡಿತು. ಯುದ್ಧಕ್ಕಾಗಿ ಹುಟ್ಟಿದ ಜೀಪು 6.00-16 ಅಳತೆಯ ಟೈರನ್ನು ಏರಿ ಬಂತು. ಮುಂದಕ್ಕೂ ಹಿಂದಕ್ಕೂ ಒಂದೇ ಸಮನಾಗಿ ಮಣ್ಣು ಹಿಡಿಯುವ ದಪ್ಪ ಹಲ್ಲುಗಳ ಟೈರು ಅದು. ಯುದ್ಧ ಮುಗಿದ ಮೇಲೆ ಅಂಥ ಜೀಪುಗಳು ಡಿಸ್ಪೋಸಲ್ ಮಾರಾಟದಲ್ಲಿ ನಾಗರಿಕರ ಕೈಗೆ ಬಂದವು. ಮಹೀಂದ್ರ ಕಂಪನಿ ಮುಂಬಯಿಯಲ್ಲಿ ಜೀಪಿನ ಜೋಡಣೆ ಆರಂಭಿಸಿತು. ಮಲೆನಾಡಿನ ಕಾಫಿ ತೋಟಗಳ ಕೆಮ್ಮಣ್ಣಿನ ಏರುಗಳಲ್ಲಿ ಜೀಪು ಮನೆಯ ಸದಸ್ಯನಂತಾದದ್ದು ಹೀಗೆ.

ಆ ಗೀಟಿನ ಟೈರಿನ ಒಳಗೇನಿತ್ತು? ಹತ್ತಿಯ ಹುರಿ, ಮುಂದೆ ರೇಯಾನ್, ಅದರ ಮೇಲೆ ನೈಲಾನ್. ಈ ಹುರಿಯ ಪದರಗಳನ್ನು ಓರೆಯಾಗಿ, ಒಂದರ ಮೇಲೊಂದು ಎದುರು ದಿಕ್ಕಿಗೆ ಹಾಸುತ್ತಿದ್ದರು. ಚಾಪೆಯ ಹೆಣಿಗೆಯಂತೆ ಅವು ಒಂದನ್ನೊಂದು ದಾಟುತ್ತಿದ್ದವು. ನೆಲಕ್ಕೆ ತಾಗುವ ಮೈಯೂ, ಪಕ್ಕದ ಗೋಡೆಯೂ ಒಂದೇ ಹೆಣಿಗೆಯಾದ್ದರಿಂದ ಟೈರು ಒಟ್ಟಾಗಿ ಬಲಿಷ್ಠವಾಗಿರುತ್ತಿತ್ತು. ಪದರ ಹೆಚ್ಚಿದಷ್ಟೂ ಭಾರ ಹೊರುವ ಶಕ್ತಿ ಹೆಚ್ಚು. ಇಂದಿಗೂ ಟೈರಿನ ಮೇಲೆ ‘8 ಪಿ.ಆರ್.’, ‘12 ಪಿ.ಆರ್.’ ಎಂದು ಇರುವುದು ಆ ಹತ್ತಿಯ ಪದರಗಳ ಲೆಕ್ಕದ ನೆನಪು. ಈಗ ಒಳಗೆ ಅಷ್ಟು ಪದರ ಇರುವುದಿಲ್ಲ. ಅದು ಬಲದ ಸೂಚನೆ ಮಾತ್ರ.

ಇಂಥ ಟೈರಿಗೆ ನಮ್ಮ ದೇಶದಲ್ಲಿ ಸರಿಯಾದ ಕಾರಣವಿತ್ತು. 1943ರ ನಾಗಪುರ ಯೋಜನೆ ದೇಶದ ರಸ್ತೆಗಳಿಗೆ ಒಂದು ನಕ್ಷೆ ಹಾಕಿಕೊಟ್ಟಿತಾದರೂ, ಹಲವು ದಶಕಗಳ ಕಾಲ ನಮ್ಮ ರಾಷ್ಟ್ರೀಯ ಹೆದ್ದಾರಿಗಳು ಎರಡು ಲಾರಿಗಳು ಕಷ್ಟಪಟ್ಟು ಪಕ್ಕದಲ್ಲಿ ಹಾಯುವಷ್ಟೇ ಅಗಲದವು. ಎದುರಿನ ಲಾರಿಗೆ ದಾರಿ ಬಿಡಲು ಒಂದು ಬದಿಯ ಗಾಲಿಯನ್ನು ಡಾಂಬರಿನಿಂದ ಕೆಳಗಿಳಿಸಲೇಬೇಕು. ಡಾಂಬರಿನ ಚೂಪು ಅಂಚು ಟೈರಿನ ಪಕ್ಕವನ್ನು ಕೊಯ್ಯುತ್ತಿತ್ತು. ಹೇರುವ ಭಾರಕ್ಕೆ ಮಿತಿಯಿರಲಿಲ್ಲ. ಪಂಕ್ಚರಾದರೆ ಹುಣಸೇಮರದ ಕೆಳಗಿನ ಅಂಗಡಿಯಲ್ಲಿ ಕಬ್ಬಿಣದ ಪಟ್ಟಿ, ಸುತ್ತಿಗೆ, ಟ್ಯೂಬಿನ ತೇಪೆ ಇಷ್ಟರಲ್ಲೇ ರಿಪೇರಿ ಆಗಬೇಕು. ಸವೆದ ಟೈರಿಗೆ ಹೊಸ ರಬ್ಬರು ಹೊದಿಸಿ ಮತ್ತೆ ಮತ್ತೆ ಓಡಿಸಬೇಕು. ಇಷ್ಟನ್ನೂ ಸಹಿಸುವುದು ಓರೆ ಹೆಣಿಗೆಯ ಟೈರು ಒಂದೇ. ಮುಂದಿನ ಗಾಲಿಗೆ ಉದ್ದ ಗೀರಿನ ‘ರಿಬ್’, ಎಳೆಯುವ ಹಿಂದಿನ ಗಾಲಿಗೆ ದಪ್ಪ ಹಲ್ಲಿನ ‘ಲಗ್’ ಎಂಬ ಪದ್ಧತಿಯೂ ಲಾರಿಯವರಲ್ಲಿ ಆಗಲೇ ಬೇರೂರಿತು. ದಿಕ್ಕು ತಪ್ಪದೆ ಓಡಲು ರಿಬ್, ನೆಲ ಕಚ್ಚಿ ಎಳೆಯಲು ಲಗ್.

ನಮ್ಮ ಸುತ್ತಿನ ಕಾರ್ಖಾನೆಗಳು

ದೆಹಲಿಯ ಸುತ್ತಮುತ್ತ ಟೈರಿನ ಉದ್ಯಮ ಬೇಗನೆ ಬೆಳೆಯಿತು. ಆಗ್ರಾ ರಸ್ತೆಯ ಬಲ್ಲಭಗಡದಲ್ಲಿ 1961ರಲ್ಲಿ ಗುಡ್‌ಇಯರ್ ಕಾರ್ಖಾನೆ ಬಂತು. 1970ರ ದಶಕದಲ್ಲಿ ಮೀರತ್ ಬಳಿಯ ಮೋದಿಪುರಂನಲ್ಲಿ ಮೋದಿ ರಬ್ಬರ್ ತಲೆಯೆತ್ತಿತು. ಅತ್ತ ಮದ್ರಾಸಿನಲ್ಲಿ 1946ರಲ್ಲಿ ಮಕ್ಕಳ ಬಲೂನು ಮಾಡುತ್ತ ಆರಂಭವಾದ ಸಣ್ಣ ಘಟಕವೊಂದು 1960ರ ದಶಕದ ಹೊತ್ತಿಗೆ ಟೈರು ಮಾಡುವ ಎಂ.ಆರ್.ಎಫ್. ಆಗಿ ಬೆಳೆಯಿತು.

ಕನ್ನಡಿಗರಾದ ನಾವು ಹೆಮ್ಮೆಯಿಂದ ನೆನೆಯಬೇಕಾದ ಹೆಸರು ಮೈಸೂರಿನ ವಿಕ್ರಾಂತ್ ಟೈರ್ಸ್. ರಾಜ್ಯ ಸರ್ಕಾರದ ಪಾಲಿನೊಂದಿಗೆ 1970ರ ದಶಕದಲ್ಲಿ ಹುಟ್ಟಿ, ಕೃಷ್ಣರಾಜಸಾಗರ ರಸ್ತೆಯಲ್ಲಿ ನೆಲೆ ನಿಂತ ಈ ಕಾರ್ಖಾನೆ, ಗಂಧದೆಣ್ಣೆ, ರೇಷ್ಮೆಗಳ ಊರಿಗೆ ರಬ್ಬರಿನ ವಾಸನೆಯನ್ನೂ ತಂದಿತು. ಅದೇ ದಶಕದಲ್ಲಿ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮ ಸುಳ್ಯ, ಪುತ್ತೂರಿನ ಕಡೆ ರಬ್ಬರು ತೋಟಗಳನ್ನು ಬೆಳೆಸಿತು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿ ಬಂದ ತಮಿಳು ಕುಟುಂಬಗಳು ಆ ತೋಟಗಳಲ್ಲಿ ಹಾಲು ಇಳಿಸುವ ಕೆಲಸಕ್ಕೆ ನಿಂತವು. ಟೈರಿನ ಹಿಂದೆ ಎಷ್ಟು ಜನರ ಬದುಕು ಉರುಳಿದೆಯೆಂಬುದಕ್ಕೆ ಇದೂ ಒಂದು ಸಾಕ್ಷಿ. 1997ರಲ್ಲಿ ವಿಕ್ರಾಂತ್ ಸಂಸ್ಥೆ ಜೆ.ಕೆ. ಸಮೂಹದ ಕೈಗೆ ಹೋಯಿತು.

ಹಗುರ ಸರಕು ವಾಹನಗಳ ಕಥೆ ಈ ನಡುವೆ ಬೇರೆ ತಿರುವು ಪಡೆಯಿತು. ಮೊದಲು ಟೆಂಪೋ, ಮೆಟಡಾರ್‌ಗಳೇ ನಗರದ ಹೊರೆಯಾಳುಗಳಾಗಿದ್ದವು. 1980ರ ದಶಕದಲ್ಲಿ ಜಪಾನಿನ ಸಹಯೋಗದಿಂದ ಸೂರಜಪುರದ ಡಿ.ಸಿ.ಎಂ. ಟೊಯೋಟ, ಪಂಜಾಬಿನ ಸ್ವರಾಜ್ ಮಜ್ದಾ ಮೊದಲಾದ ಗಾಡಿಗಳು ಬಂದವು. 1986ರಲ್ಲಿ ಟಾಟಾ 407 ಬಂತು. ಅದರ ಬೆನ್ನಿಗೇ ಟಾಟಾ ಪಿಕಪ್ಪು ಬಂತು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಗಲ್ಲಿಗಲ್ಲಿಗೂ ನಾಲ್ಕು ಗಾಲಿಯ ಸರಕು ಗಾಡಿ ನುಗ್ಗಿತು. ಗಾಡಿ ಕಾರಿನ ವೇಗಕ್ಕೆ ಬಂತು, ಆದರೆ ಹೊರುವುದು ಲಾರಿಯ ಕೆಲಸ. ಟೈರಿನ ಮೇಲೆ ‘ಎಲ್.ಟಿ.’, ಅಂದರೆ ಹಗುರ ಲಾರಿಯದು, ಎಂಬ ಗುರುತಿನ ಮಹತ್ವ ಇಲ್ಲಿದೆ. ಕಾರಿನ ಟೈರು ಅಳತೆಯಲ್ಲಿ ಹೊಂದಿದರೂ ಬಲದಲ್ಲಿ ಹೊಂದುವುದಿಲ್ಲ.

‘ಆರ್’ ಬಂದ ಬಗೆ

1946ರಲ್ಲಿ ಮಿಶೆಲಿನ್ ಕಂಪನಿ ಬೇರೊಂದು ಹೆಣಿಗೆಗೆ ಪೇಟೆಂಟು ಪಡೆಯಿತು. 1949ರಲ್ಲಿ ಅದು ಮಾರುಕಟ್ಟೆಗೆ ಬಂತು. ಇದರಲ್ಲಿ ಹುರಿಗಳು ಓರೆಯಾಗಿಲ್ಲ. ಗಾಡಿಯ ಗಾಲಿಯ ಅರಗಳಂತೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯುತ್ತವೆ. ನೆಲಕ್ಕೆ ತಾಗುವ ಮೈಯ ಕೆಳಗೆ ಉಕ್ಕಿನ ತಂತಿಯ ಬೆಲ್ಟು ಸುತ್ತಿರುತ್ತದೆ. ಪಕ್ಕದ ಗೋಡೆ ಮೆತ್ತಗೆ ಬಾಗುತ್ತದೆ; ಮೈ ಮಾತ್ರ ನೆಲದ ಮೇಲೆ ಸಮತಟ್ಟಾಗಿ ಕೂರುತ್ತದೆ. ಪದರಗಳ ನಡುವೆ ಉಜ್ಜಾಟ ಕಡಿಮೆಯಾದ್ದರಿಂದ ಬಿಸಿ ಕಡಿಮೆ, ಸವೆತ ಕಡಿಮೆ, ಇಂಧನ ಉಳಿತಾಯ. ಹೆದ್ದಾರಿಯ ಸುಖವೆಂದು ನಾವು ಯಾವುದನ್ನು ಕರೆಯುತ್ತೇವೋ ಅದು ಬಹುಮಟ್ಟಿಗೆ ಈ ಹೆಣಿಗೆಯ ಸುಖ. ಇದೇ ರೇಡಿಯಲ್, ಅದೇ ಆ ‘ಆರ್’.

1970ರ ದಶಕದ ಕೊನೆಗೆ ಭಾರತದಲ್ಲಿ ಕಾರಿನ ರೇಡಿಯಲ್ ತಯಾರಾಗತೊಡಗಿತು. ಆದರೆ ಲಾರಿಗಳ ಮಟ್ಟಿಗೆ ಶತಮಾನದ ಕೊನೆಯವರೆಗೂ ಅದು ಬೆರಳೆಣಿಕೆಯ ವಸ್ತುವಾಗಿಯೇ ಉಳಿಯಿತು. ಲಾರಿ ಮಾಲೀಕರು ಹೊಸತನ್ನು ಒಲ್ಲದ ಜನವೆಂದು ಹಲವರು ಜರೆದದ್ದುಂಟು. ನಮಗೆ ಹಾಗೆ ಕಾಣುವುದಿಲ್ಲ. ರೇಡಿಯಲ್ಲಿನ ತೆಳುವಾದ ಪಕ್ಕ ಡಾಂಬರಿನ ಅಂಚಿಗೂ ಅತಿಭಾರಕ್ಕೂ ಸೋಲುತ್ತಿತ್ತು. ಅದನ್ನು ತಿದ್ದುವ ಕೈ ಹೆದ್ದಾರಿಯ ಬದಿಯಲ್ಲಿರಲಿಲ್ಲ. ತನ್ನ ದಾರಿಯನ್ನು ಬಲ್ಲವನು ತನ್ನ ದಾರಿಗೆ ತಕ್ಕ ಟೈರನ್ನೇ ಕೊಂಡ.

ದಾರಿ ಬದಲಾದಾಗ ಟೈರೂ ಬದಲಾಯಿತು. 1999ರಲ್ಲಿ ಆರಂಭವಾದ ಸುವರ್ಣ ಚತುಷ್ಪಥ ಯೋಜನೆ ನಾಲ್ಕು ಮಹಾನಗರಗಳನ್ನು 5,846 ಕಿಲೋಮೀಟರ್ ಉದ್ದದ ಅಗಲ ರಸ್ತೆಗಳಿಂದ ಬೆಸೆಯಿತು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಅತಿಭಾರದ ವಿರುದ್ಧ ಕಟ್ಟುನಿಟ್ಟಿನ ಆದೇಶ ನೀಡಿತು. 1990ರ ದಶಕದ ಕೊನೆಯಲ್ಲಿ ಲಾರಿ–ಬಸ್ಸುಗಳ ಉಕ್ಕಿನ ರೇಡಿಯಲ್ ತಯಾರಿಕೆಗೆ ಕೈಹಾಕಿದ ಮೊದಲಿಗರಲ್ಲಿ ನಮ್ಮ ಮೈಸೂರಿನ ಕಾರ್ಖಾನೆಯೂ ಒಂದು. ಮುಂದಿನ ಎರಡು ದಶಕಗಳಲ್ಲಿ ದೇಶದ ಲಾರಿ ಟೈರುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ರೇಡಿಯಲ್ ಆದವು. ಹೆದ್ದಾರಿಯ ಪಿಕಪ್ಪುಗಳಲ್ಲಂತೂ ಅದೇ ವಾಡಿಕೆಯಾಗಿದೆ. ಟೈರನ್ನು ಆರಿಸಿದ್ದು ಕಂಪನಿಯೂ ಅಲ್ಲ, ಮಾಲೀಕನೂ ಅಲ್ಲ. ದಾರಿಯೇ ಅದನ್ನು ಆರಿಸಿತು.

ಚರಿತ್ರೆ ಕೊಡುವ ಸಲಹೆ

ಇನ್ನು ನಮ್ಮ ಜನಕಪುರಿಯ ಪಿಕಪ್ಪಿಗೆ ಬರೋಣ. ಇಲ್ಲಿಂದ ಸ್ವಲ್ಪವೇ ದೂರದಲ್ಲಿ ಹಾಯುವ 48ನೆಯ ರಾಷ್ಟ್ರೀಯ ಹೆದ್ದಾರಿ ಜಯಪುರ, ಅಹಮದಾಬಾದು, ಮುಂಬಯಿ, ಪುಣೆ ದಾಟಿ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಮೇಲೆ ಬೆಂಗಳೂರಿಗೆ, ಅಲ್ಲಿಂದ ಚೆನ್ನೈಗೆ ಹೋಗುತ್ತದೆ. ಹಿಂದೆ ಬಹುಮಟ್ಟಿಗೆ 8 ಮತ್ತು 4 ಎಂಬ ಸಂಖ್ಯೆಗಳನ್ನು ಹೊತ್ತಿದ್ದ ದಾರಿ ಈಗ ಒಂದೇ ಸಂಖ್ಯೆಯದು. ಊರಿಗೆ ಸಾಮಾನು ಸಾಗಿಸುವ ಪಿಕಪ್ಪು ಈ ದಾರಿಯಲ್ಲಿ ಓಡುವ ದೂರದ ಬಹುಪಾಲು ನುಣುಪು. ಕೊನೆಯಲ್ಲಿ ಊರೊಳಗಿನ ಮಣ್ಣುದಾರಿ ಒಂದೆರಡು ಮೈಲಿ.

ಆ ಒಂದೆರಡು ಮೈಲಿಗೆ ಹೆದರಿ ಕೆಲವರು ದಪ್ಪ ಹಲ್ಲಿನ ಬಟನ್ ಟೈರು ಹಾಕಿಸುತ್ತಾರೆ. ಗಾಡಿಗೆ ಗತ್ತು ಬರುತ್ತದೆ, ನಿಜ. ಆದರೆ ಕಾಂಕ್ರೀಟು ಹೆದ್ದಾರಿಯಲ್ಲಿ ಆ ಹಲ್ಲುಗಳು ಮೊರೆಯುತ್ತವೆ, ಬಿಸಿಯಾಗುತ್ತವೆ, ಬೇಗ ಸವೆಯುತ್ತವೆ. ನೆಲಕ್ಕೆ ತಾಗುವ ರಬ್ಬರು ಕಡಿಮೆಯಾದ್ದರಿಂದ ಮಳೆಯಲ್ಲಿ ಬ್ರೇಕು ಹಾಕಿದಾಗ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಒಂದು ದಿನದ ಕೆಸರಿಗಾಗಿ ಮುನ್ನೂರು ದಿನದ ಸುರಕ್ಷತೆಯನ್ನು ತೆರುವುದು ಜಾಣತನವಲ್ಲ.

ಆದ್ದರಿಂದ ನಮ್ಮ ಮಾತು ಇಷ್ಟು. ಹತ್ತರಲ್ಲಿ ಒಂಬತ್ತು ಪಾಲು ಹೆದ್ದಾರಿಯಾದರೆ ಉದ್ದ ಗೀರಿನ ಎಲ್.ಟಿ. ರೇಡಿಯಲ್ಲೇ ಸರಿ, ಆ ಗೀರುಗಳು ಮಳೆನೀರನ್ನು ಹೊರದೂಡುತ್ತವೆ. ವಾರಕ್ಕೆ ಒಂದೆರಡು ಸಲ ಹೊಲ, ಕ್ವಾರಿ, ತೋಟಗಳಿಗೆ ಇಳಿಯುವ ಗಾಡಿಯಾದರೆ ಗೀರೂ ಹಲ್ಲೂ ಬೆರೆತ ಮಧ್ಯಮ ಮಾದರಿ, ಅಂಗಡಿಯವರು ‘ಆಲ್ ಟೆರೇನ್’ ಎನ್ನುವುದು, ತಕ್ಕದ್ದು. ಬರಿಯ ಕೆಸರಿನ ಟೈರು ದಿನವೂ ಕೆಸರಿನಲ್ಲೇ ದುಡಿಯುವ ಗಾಡಿಗೆ ಮಾತ್ರ. ಯಾವುದನ್ನೇ ಕೊಂಡರೂ ಗಾಡಿಯ ಕಂಪನಿ ಹೇಳಿದ ಅಳತೆ ಮತ್ತು ಭಾರದ ಅಂಕಿಗಿಂತ ಕೆಳಗಿಳಿಯಬಾರದು. ಗೀಟಿನ ಟೈರನ್ನೂ ‘ಆರ್’ ಟೈರನ್ನೂ ಒಂದೇ ಗಾಡಿಯಲ್ಲಿ ಬೆರೆಸಬಾರದು. ಎರಡರ ಬಾಗುವಿಕೆ ಬೇರೆಯಾದ್ದರಿಂದ ತಿರುವಿನಲ್ಲಿ ಗಾಡಿ ಮಾತು ಕೇಳುವುದಿಲ್ಲ.

ಆಗಾಗ ಬರುವ ಕೆಟ್ಟ ದಾರಿಗೆ ಟೈರಿಗಿಂತ ಗಾಳಿಯೇ ಹೆಚ್ಚು ಉಪಕಾರಿ. 1942ರಲ್ಲಿ ಅಮೆರಿಕದವರು ರೂಪಿಸಿದ ‘ಡಕ್’ ಎಂಬ ನೆಲ–ಜಲ ವಾಹನದಲ್ಲಿ ಚಾಲಕ ಕುಳಿತಲ್ಲಿಂದಲೇ ಟೈರಿನ ಗಾಳಿಯನ್ನು ಏರಿಸಿ ಇಳಿಸಬಹುದಾಗಿತ್ತು. ಸಮುದ್ರ ತೀರದ ಮರಳನ್ನು ಅದು ದಾಟುತ್ತಿದ್ದ ಉಪಾಯ ಅದೇ. ಬರಿದಾದ ಪಿಕಪ್ಪು ಮರಳಿನಲ್ಲಿ ಹೂತರೆ ಸ್ವಲ್ಪ ಗಾಳಿ ಇಳಿಸಿ ನಿಧಾನವಾಗಿ ದಾಟಬಹುದು. ಆದರೆ ಡಾಂಬರಿಗೆ ಬಂದೊಡನೆ ಮತ್ತೆ ತುಂಬಬೇಕು. ಹೊರೆ ಇರುವಾಗ ಇಳಿಸಲೇಬಾರದು. ಗಾಳಿ ಕಡಿಮೆಯಿರುವ ಟೈರಿನ ಪಕ್ಕ ಅತಿಯಾಗಿ ಬಾಗಿ ಒಳಗೊಳಗೇ ಬೇಯುತ್ತದೆ. ಜೂನ್ ತಿಂಗಳ ಮಧ್ಯಾಹ್ನ ಹೆದ್ದಾರಿಯಲ್ಲಿ ಟೈರು ಸಿಡಿಯುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಕಾರಿನ ಟೈರಿನಲ್ಲೇ ಹತ್ತು ಡಿಗ್ರಿ ಚಳಿಗೆ ಗಾಳಿ ಎರಡು ಪೌಂಡಿನಷ್ಟು ಇಳಿಯುತ್ತದೆ; ಹೆಚ್ಚು ಗಾಳಿ ತುಂಬುವ ಪಿಕಪ್ಪಿನಲ್ಲಿ ಇನ್ನೂ ಹೆಚ್ಚು. ದೆಹಲಿಯ ಚಳಿಗೂ ಬಿಸಿಲಿಗೂ ಇರುವ ಅಂತರ ನಮಗೆಲ್ಲ ಗೊತ್ತೇ ಇದೆ. ಆದ್ದರಿಂದ ಗಾಡಿ ಓಡುವ ಮುನ್ನ, ಟೈರು ತಣ್ಣಗಿರುವಾಗ, ಬಾಗಿಲಿನ ಬಳಿ ಅಂಟಿಸಿದ ಪಟ್ಟಿಯಂತೆ ಗಾಳಿ ನೋಡಬೇಕು. ಬರಿದಾದಾಗ ಒಂದು ಅಂಕಿ, ಹೊರೆ ತುಂಬಿದಾಗ ಇನ್ನೊಂದು.

ಹಳೆಯ ವಾಹನಗಳನ್ನು ಬಿಚ್ಚುವ ಕೆಲಸಕ್ಕೆ ಹೆಸರಾದ ಮಾಯಾಪುರಿ ನಮ್ಮ ನೆರೆಯಲ್ಲೇ ಇದೆ. ಬಳಸಿದ ಟೈರು ಎಲ್ಲೇ ಅಗ್ಗವಾಗಿ ಸಿಕ್ಕರೂ ಕೊಳ್ಳುವ ಮುನ್ನ ಎರಡು ಗುರುತು ನೋಡಬೇಕು. ಪಕ್ಕದಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರದ ಟೈರು. ರಬ್ಬರು ಓಡದೆ ಕುಳಿತರೂ ಮುದಿಯಾಗುತ್ತದೆ. ಗೀರಿನ ತಳದಲ್ಲಿರುವ ಸಣ್ಣ ಗೆಣ್ಣು 1.6 ಮಿಲಿಮೀಟರಿನ ಗುರುತು; ಮೈ ಸವೆದು ಅದರ ಮಟ್ಟಕ್ಕೆ ಬಂದರೆ ಆ ಟೈರಿನ ಆಯುಸ್ಸು ಮುಗಿಯಿತು. ಹೊಸ ಟೈರುಗಳ ಉರುಳಿನ ತಡೆ, ಒದ್ದೆ ನೆಲದ ಹಿಡಿತ, ಸದ್ದು ಇವುಗಳಿಗೆ ಕೇಂದ್ರ ಸರ್ಕಾರ 2022ರಲ್ಲಿ ನಿಯಮಗಳನ್ನು ಹೊರಡಿಸಿದೆ. ಹೊಸತಕ್ಕೆ ಕೊಡುವ ಹಣದಲ್ಲಿ ಈ ಭರವಸೆಯೂ ಸೇರಿದೆ.

ಪಿಕಪ್ಪಿನ ಟೈರು ಸಿಡಿದರೆ ಹೋಗುವುದು ಒಂದು ಟೈರಿನ ಬೆಲೆ ಮಾತ್ರವಲ್ಲ. ಸಾಲದ ಕಂತು, ಬಾಡಿಗೆಯ ಸರಕು, ಒಮ್ಮೊಮ್ಮೆ ಮನೆಯ ಆಧಾರವೂ ಹೋಗುತ್ತದೆ. ಹಿಂದಿನ ಲಾರಿಯವರು ತಮ್ಮ ದಾರಿಯನ್ನು ಚೆನ್ನಾಗಿ ಅರಿತು ಗೀಟಿನ ಟೈರನ್ನು ಉಳಿಸಿಕೊಂಡರು. ದಾರಿ ಬದಲಾದಾಗ ‘ಆರ್’ ಟೈರಿಗೆ ಬಂದರು. ಎರಡೂ ಸಲ ಅವರು ಮಾಡಿದ್ದು ಒಂದೇ ಲೆಕ್ಕ: ನಾಳೆ ಎದುರಾಗಬಹುದಾದ ದಾರಿಗಿಂತ ದಿನವೂ ಓಡುವ ದಾರಿಗೆ ಮೊದಲ ಮಾನ. ಆ ಲೆಕ್ಕವನ್ನು ನಮ್ಮ ಬಡಾವಣೆಯ ಪಿಕಪ್ಪಿನ ಯಜಮಾನರೂ ಮಾಡಿಕೊಂಡರೆ, ಅಂಗಡಿಯ ಹೊಸ್ತಿಲು ತುಳಿಯುವ ಮುನ್ನವೇ ಅರ್ಧ ಆಯ್ಕೆ ಮುಗಿದಿರುತ್ತದೆ.